ಸಾಬಮ್ಮನ ಮಗಳಿಗೆ ಬೇಕಾದ ಸಹಿ

ಮೂಡುಗುಟ್ಟ ಪುರಸಭೆ ಸೈನ್ಯದ ವಿಷಯದಲ್ಲಿ ಎರಡು ಸಲ ನಿಲುವು ತಾಳಿತು. ಮೊದಲ ಸಲ ಪರ, ಎರಡನೆಯ ಸಲ ವಿರೋಧ. ಎರಡೂ ಸಲ ಸಭೆಗೆ ಮುಂಚೆ ಸಭಾಂಗಣ ಗುಡಿಸಿದವಳು, ಸಭೆ ಮುಗಿದ ಮೇಲೆ ಚಹಾದ ಕಪ್ಪು ಎತ್ತಿದವಳು ಸಾಬಮ್ಮ.

ಮೂಡುಗುಟ್ಟ ಇರುವುದು ಹೈದರಾಬಾದಿನ ಪೂರ್ವದ ಅಂಚಿನಲ್ಲಿ. ದಿಲ್‌ಸುಖ್‌ನಗರದಲ್ಲಿ ಬಸ್ಸು ಹತ್ತಿದರೆ ಕೋಚಿಂಗ್ ಸೆಂಟರುಗಳ ಬೋರ್ಡುಗಳು ಮುಗಿದು ಸಿಮೆಂಟು ಅಂಗಡಿಗಳ ಬೋರ್ಡುಗಳು ಶುರುವಾಗುತ್ತವಲ್ಲ, ಅಲ್ಲಿ. ಸಾಬಮ್ಮ ಮದುವೆಯ ಹೊಸದರಲ್ಲಿ ಯಾದಗಿರಿ ಕಡೆಯಿಂದ ಗಂಡ ಬೂದೆಪ್ಪನ ಜೊತೆ ಬಂದು, ಇಲ್ಲಿಯ ಅರ್ಧ ಕಟ್ಟಡಗಳಿಗೆ ತಲೆಯ ಮೇಲೆ ಕಾಂಕ್ರೀಟು ಹೊತ್ತಳು. ಬೆನ್ನು ನೋವು ಬಂದ ಮೇಲೆ ಹಗುರ ಕೆಲಸ ನೋಡಿಕೋ ಎಂದು ಎಲ್ಲರೂ ಹೇಳಿದರು. ಪುರಸಭೆಯ ಗುತ್ತಿಗೆಯಲ್ಲಿ ರಸ್ತೆ ಗುಡಿಸುವ ಕೆಲಸಕ್ಕೆ ಸೇರಿದಳು. ಗುಡಿಸುವವರಿಗೂ ಬೆನ್ನು ಇರುತ್ತದೆ ಎಂಬುದು ಹೇಳಿದವರ ನೆನಪಿಗೆ ಬಂದಿರಲಿಲ್ಲ.

ಬೆಳಗಿನ ಬೀಟು, ಅಂದರೆ ತನ್ನ ಪಾಲಿನ ರಸ್ತೆ, ಗುಡಿಸಿ ಮುಗಿಸಿ ಅವಳು ಚೇರ್‌ಪರ್ಸನ್ ಮನೆಗೆ ಹೋಗಿ ಪಾತ್ರೆ ತಿಕ್ಕಿ ರೊಟ್ಟಿ ಬಡಿಯುತ್ತಿದ್ದಳು. ರಸ್ತೆಯ ಕೆಲಸಕ್ಕೆ ಪುರಸಭೆಯಲ್ಲಿ ಹಾಜರಿ ಇತ್ತು. ಅಡಿಗೆಮನೆಯ ಕೆಲಸವೂ ಆ ಹಾಜರಿಯೊಳಗೇ ಬರುತ್ತದೆ ಎಂದು ಚೇರ್‌ಪರ್ಸನ್ ಮನೆಯವರು ತಿಳಿದಿದ್ದರು. ಸಾಬಮ್ಮನಿಗೆ ಬೇರೆ ತಿಳಿದಿದ್ದರೂ ಅದನ್ನು ಹೇಳಲು ಪುರಸಭೆಯಲ್ಲಿ ಒಂದು ಕಿಟಕಿ ಇರಲಿಲ್ಲ.

ಚೇರ್‌ಪರ್ಸನ್ ಎಂದರೆ ಕಮಲಾಕ್ಷಿ. ರಾಯಚೂರಿನ ಹೆಣ್ಣುಮಗಳು. ಗಂಡ ಶಿವಾನಂದ ಎರಡು ತಲೆಮಾರಿನಿಂದ ಇಲ್ಲೇ ನೆಲೆಸಿದ ಗುತ್ತಿಗೆದಾರರ ಮನೆಯವನು. ಆ ಸಲ ಕುರ್ಚಿ ಮಹಿಳೆಗೆ ಮೀಸಲಾದದ್ದರಿಂದ ಶಿವಾನಂದ ಕಮಲಾಕ್ಷಿಯನ್ನು ಚುನಾವಣೆಗೆ ನಿಲ್ಲಿಸಿದ, ಪ್ರಚಾರ ಮಾಡಿದ, ಗೆದ್ದ. ಊರವರು ಅವನನ್ನು ‘ಚೇರ್ಮನ್ ಸಾಬ್’ ಎಂದೇ ಕರೆಯುತ್ತಿದ್ದರು. ಸಭೆಯಲ್ಲಿ ಕಮಲಾಕ್ಷಿ ಎತ್ತರದ ಕುರ್ಚಿಯಲ್ಲಿ ಕೂರುತ್ತಿದ್ದಳು, ಶಿವಾನಂದ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮಾತಾಡುತ್ತಿದ್ದ. ಮನೆಯಲ್ಲಿ ಅವನು ಸೋಫಾದ ಮೇಲೆ, ಅವಳು ಒಲೆಯ ಮುಂದೆ. ಪಕ್ಷದ ಹುಡುಗರು ಬಂದಾಗಲೆಲ್ಲ ಉಪ್ಪಿಟ್ಟು, ಚಹಾ. ಗೆದ್ದ ದಿನ ಪುರಸಭೆಯವರು ಸಹಿಯ ಮಾದರಿ ಕೇಳಿಕೊಂಡು ಬಂದಾಗಲೂ ಉಪ್ಪಿಟ್ಟಿನ ಬಾಣಲೆ ಒಲೆಯ ಮೇಲಿತ್ತು. ‘ತಳ ಹತ್ತತೈತಿ, ನೀವ ಹಾಕ್ರಿ’ ಎಂದು ಅವಳೇ ಒಳಗಿನಿಂದ ಕೂಗಿ ಹೇಳಿದಳು. ಶಿವಾನಂದ ಹಾಕಿದ. ಅಲ್ಲಿಂದ ಮುಂದೆ ಕಮಲಾಕ್ಷಿಯ ಹೆಸರನ್ನು ಅವನೇ ಬರೆಯುತ್ತ ಬಂದ. ಬಲಕ್ಕೆ ವಾಲಿದ ಅಕ್ಷರ, ಕೊನೆಯಲ್ಲಿ ಬಾಲ, ಬಾಲದ ಕೆಳಗೆ ಎರಡು ಚುಕ್ಕೆ.

ಪುರಸಭೆಯ ಮೊದಲನೆಯ ನಿಲುವಿನ ಕಾಲಕ್ಕೆ ಶಿವಾನಂದ ಮತ್ತು ವೈಸ್ ಚೇರ್ಮನ್ ಕಲ್ಲೇಶ ಒಂದೇ ಬಣದಲ್ಲಿದ್ದರು. ನಾಲ್ಕು ವರ್ಷದ ಸೈನ್ಯದ ಕೆಲಸಕ್ಕೆ ಹುಡುಗರನ್ನು ಆರಿಸುವ ಯೋಜನೆ ಆಗಷ್ಟೇ ಬಂದಿತ್ತು. ಎಲ್ಲೆಲ್ಲೋ ಹುಡುಗರು ರೈಲು ತಡೆದಿದ್ದರು, ಸಿಕಂದರಾಬಾದಿನಲ್ಲಿ ಬೋಗಿಗಳೇ ಸುಟ್ಟಿದ್ದವು. ಮೂಡುಗುಟ್ಟ ಮಾತ್ರ ದೇಶದ ಜೊತೆ ಇದೆ ಎಂದು ಠರಾವು ಪಾಸಾಯಿತು. ಪುರಸಭೆಗೆ ಸೈನ್ಯವಿಲ್ಲ, ಗಡಿಯೂ ಇಲ್ಲ. ಅದಕ್ಕಿರುವುದು ಬೀದಿದೀಪ, ನಲ್ಲಿಯ ವಾಲ್ವು, ಕಸದ ಗಾಡಿ ಮತ್ತು ಒಂದು ಮೈದಾನ. ಹೀಗಾಗಿ ದೇಶದ ಜೊತೆ ಇರುವುದು ಎಂದರೆ ಹುಡುಗರು ಓಡಲು ನಸುಕಿನಲ್ಲಿ ಮೈದಾನದ ದೊಡ್ಡ ದೀಪ ಹಾಕುವುದು ಎಂದಾಯಿತು. ಅರ್ಜಿ ಹಾಕಿದ ಹುಡುಗರ ತಾಯಂದಿರಿಗೆ ಶಾಲು ಹೊದಿಸಿದರು. ಸಾಬಮ್ಮನ ಮಗ ಸಾಯಿಕುಮಾರ ಅರ್ಜಿ ಹಾಕಿದ್ದ, ಅವಳಿಗೂ ಒಂದು ಶಾಲು ಬಂತು. ಹೂವಿನ ಎಸಳು ಉದುರಿದ್ದವು. ಶಾಲನ್ನು ಕುರ್ಚಿಯ ಮೇಲಿಟ್ಟು ಗುಡಿಸಿದಳು. ಸಾಯಿಕುಮಾರ ಓಟದಲ್ಲಿ ಹಿಂದೆ ಬಿದ್ದು ವಾಪಸು ಬಂದ, ಈಗ ಬೈಕಿನಲ್ಲಿ ಊಟದ ಪೊಟ್ಟಣ ಹಂಚುತ್ತಾನೆ.

ಆಮೇಲೆ ಕಲ್ಲೇಶ ಬಣ ಬಿಟ್ಟ. ಬಿಟ್ಟವನು ಸೈನ್ಯವನ್ನೂ ಧ್ವಜವನ್ನೂ ಮೆರವಣಿಗೆಯನ್ನೂ ತನ್ನ ಜೊತೆ ತೆಗೆದುಕೊಂಡು ಹೋದ. ಶಿವಾನಂದನಿಗೆ ಉಳಿದದ್ದು ವಿರೋಧ. ನಾಲ್ಕು ವರ್ಷ ದುಡಿಸಿಕೊಂಡು ಹುಡುಗರನ್ನು ಮನೆಗೆ ಕಳಿಸಿದರೆ ಅವರು ಯಾವ ಶಾಪಿಂಗ್ ಮಾಲಿನ ಬಾಗಿಲು ಕಾಯಬೇಕು, ಯುದ್ಧ ಯಾರದು, ಸಾಯುವ ಮಕ್ಕಳು ಯಾರವರು ಎಂದು ಅವನು ಮೈಕಿನಲ್ಲಿ ಕೇಳಿದ. ನಿಜ ಹೇಳಬೇಕೆಂದರೆ ಅದು ಒಳ್ಳೆಯ ಪ್ರಶ್ನೆಯೇ ಆಗಿತ್ತು. ಪುರಸಭೆ ಈ ಭರ್ತಿಗೆ ಯಾವ ಸಹಕಾರವನ್ನೂ ಕೊಡುವುದಿಲ್ಲ ಎಂದು ಠರಾವಾಯಿತು. ಮೈದಾನದ ದೀಪ ಆರಿತು.

ಆ ಹೊತ್ತಿಗೆ ಸಾಬಮ್ಮನ ಮಗಳು ಸುವರ್ಣಾ ಅರ್ಜಿ ಹಾಕಿದ್ದಳು. ಹೆಣ್ಣುಮಕ್ಕಳನ್ನು ಮಿಲಿಟರಿ ಪೊಲೀಸಿಗೆ ತೆಗೆದುಕೊಳ್ಳುತ್ತಾರೆ ಎಂದು ಕಾಲೇಜಿನಲ್ಲಿ ಯಾರೋ ಹೇಳಿದ್ದರು. ಲಿಖಿತ ಪರೀಕ್ಷೆ ಪಾಸಾಗಿತ್ತು, ಓಟ ಉಳಿದಿತ್ತು. ಹೆಂಡತಿ ಮಗಳ ಜೊತೆ ದೇಶದ ವಿಷಯ ಎಂದೂ ಮಾತಾಡಿರದ ಬೂದೆಪ್ಪ ಅಂದು ಊಟಕ್ಕೆ ಕೂತವನು ಮಾತಾಡಿದ.

‘ಯುದ್ಧ ಅಂದ್ರ ಬಡವ್ರ ಮಕ್ಳು ಸಾಯೋದು. ಚೇರ್ಮನ್ ಸಾಬ್ರು ಮೈಕಿನ್ಯಾಗ ಹೇಳ್ಯಾರ. ನಾ ಒಪ್ಪೋದಿಲ್ಲ.’

‘ಸಾಯಿಕುಮಾರ ಹೊಂಟಾಗ ನೀವ ಬೂಟು ತಂದು ಕೊಟ್ರಿ’ ಎಂದಳು ಸಾಬಮ್ಮ. ‘ಆಗ ಯುದ್ಧ ಇರ್ಲಿಲ್ಲೇನು?’

‘ಅಂವ ಹೋದ್ರ ಮನ್ಯಾಗ ಏನ್ ಕಡಿಮಿ ಆಗ್ತಿತ್ತು?’

ಹೇಳಿದ ಮೇಲೆ ಅದು ತನ್ನ ಬಾಯಿಂದ ಬಂದದ್ದು ಬೂದೆಪ್ಪನಿಗೇ ಕೇಳಿಸಿತು. ಅವನು ಪಲ್ಯಕ್ಕೆ ಉಪ್ಪು ಕಡಿಮೆ ಎಂದ.

ಸುವರ್ಣಾ ಉಪ್ಪು ತಂದಿಟ್ಟಳು. ಸಾಬಮ್ಮ ನಸುಕಿನಲ್ಲೇ ಕಸಬರಿಗೆ ಹಿಡಿದು ಹೋಗುವುದರಿಂದ ಆ ಮನೆಯಲ್ಲಿ ನಲ್ಲಿ ಬಂದಾಗ ಡ್ರಮ್ಮು ತುಂಬುವವಳು, ಅಪ್ಪನಿಗೂ ಅಣ್ಣನಿಗೂ ಡಬ್ಬಿ ಕಟ್ಟುವವಳು, ಅವರ ಸಿಮೆಂಟಿನ ಬಟ್ಟೆ, ಎಣ್ಣೆಯ ಬಟ್ಟೆ ಒಗೆಯುವವಳು ಅವಳೇ. ರೊಟ್ಟಿ ಬಡಿಯುವುದನ್ನು ಕಲಿತಾಗ ಅವಳ ಕೈ ಹೆಂಚಿನ ಅಂಚು ಮುಟ್ಟುತ್ತಿರಲಿಲ್ಲ, ಡಬ್ಬದ ಮೇಲೆ ನಿಲ್ಲಿಸಿದ್ದರು.

ಅವತ್ತು ಪಾತ್ರೆ ತೊಳೆಯುವಾಗ ಸಾಬಮ್ಮ ಕೇಳಿದಳು: ‘ಖರೇ ಹೇಳು, ಯಾಕ್ ಹೊಂಟಿ? ದೇಶದ ಸಲುವಾಗಿ ಅನಬ್ಯಾಡ.’

‘ಅಲ್ಲಿ ಮೆಸ್ ಐತ್ಯವ್ವ’ ಎಂದಳು ಸುವರ್ಣಾ. ‘ಹೊತ್ತಿಗೆ ಸರಿಯಾಗಿ ತಾಟು ಹಿಡ್ಕೊಂಡು ನಿಂತ್ರ ಊಟ ಹಾಕ್ತಾರಂತ. ಯಾರೋ ಮಾಡಿರ್ತಾರ.’

‘ಯುದ್ಧ ಬಂದ್ರ ತಿಂದದ್ದು ವಸೂಲಿ ಮಾಡ್ತಾರ.’

‘ಮಾಡ್ಲಿ. ಇಲ್ಲಿ ತಿನ್ನೋಕ್ಕಿಂತ ಮೊದ್ಲ ವಸೂಲಿ ಮಾಡ್ತಾರಲ್ಲ.’

ಸಾಬಮ್ಮ ಉಳಿದ ಪಾತ್ರೆ ತೊಳೆದು ಬೋರಲು ಹಾಕಿದಳು. ಮರುದಿನದಿಂದ ಓಡು ಎಂದಳು.

ಮೈದಾನ ಕತ್ತಲಾದ ಮೇಲೆ ಹುಡುಗರು ಮೊಬೈಲ್ ಟಾರ್ಚು ಹಿಡಿದು ಹೆದ್ದಾರಿಯ ಪಕ್ಕ ಓಡುತ್ತಿದ್ದರು. ಅಲ್ಲಿ ಲಾರಿ ಡ್ರೈವರುಗಳು ಹುಡುಗರನ್ನು ಹುರಿದುಂಬಿಸುತ್ತಿದ್ದರು. ಹುಡುಗಿಯನ್ನೂ ಹುರಿದುಂಬಿಸಿಯಾರು ಎಂಬುದೇ ಸಾಬಮ್ಮನ ಹೆದರಿಕೆ. ಸುವರ್ಣಾ ತಾಯಿಯ ಬೀಟಿನಲ್ಲೇ, ಸರ್ವಿಸ್ ರಸ್ತೆಯಲ್ಲಿ ಓಡಿದಳು. ರಸ್ತೆ ಗುಡಿಸುವ ಹೆಂಗಸರು ದೂರ ದೂರ ನಿಂತು ಕೆಲಸ ಮಾಡುತ್ತಾರೆ. ನಡುನಡುವೆ ಕಸಬರಿಗೆಯ ಕಡ್ಡಿ ಸಡಿಲವಾದಾಗ ಬುಡವನ್ನು ನೆಲಕ್ಕೆ ಕುಟ್ಟಿ ಬಿಗಿ ಮಾಡಿಕೊಳ್ಳುತ್ತಾರೆ. ಸಾಬಮ್ಮನ ಗೆಳತಿ ಶಂಕ್ರಮ್ಮ ಒಂದು ಹೊಸ ಕ್ರಮ ತಂದಳು. ಸುವರ್ಣಾ ತನ್ನನ್ನು ದಾಟಿದ ಕೂಡಲೇ ಕಸಬರಿಗೆ ಕುಟ್ಟುವಳು. ಮುಂದಿನವಳು ಕೇಳಿಸಿಕೊಂಡು, ತನ್ನ ಹತ್ತಿರ ಬಂದಾಗ ಕುಟ್ಟುವಳು. ಹೀಗೆ ಶಬ್ದ ರಸ್ತೆಯ ಕೊನೆಯವರೆಗೆ ಹೋಗಿ ವಾಪಸು ಬರುತ್ತಿತ್ತು. ಎಲ್ಲಿಯಾದರೂ ತಡವಾದರೆ ಎಲ್ಲರೂ ಅತ್ತ ಹೊರಡಬೇಕು ಎಂಬುದು ಒಪ್ಪಂದ. ಆ ತಿಂಗಳು ಮೂಡುಗುಟ್ಟದ ಸರ್ವಿಸ್ ರಸ್ತೆಯ ಕಸಬರಿಗೆಗಳು ಎಂದೂ ಸಡಿಲವಾಗಲಿಲ್ಲ.

ಓಟದ ತಯಾರಿ ಸರಿಹೋಯಿತು. ಆಮೇಲೆ ಬಂದದ್ದು ಸಹಿ. ಓಟದ ದಿನ ಸುವರ್ಣಾ ಒಳ್ಳೆಯ ನಡತೆಯವಳು, ಮದುವೆಯಾಗಿಲ್ಲ ಎಂದು ಪುರಸಭೆ ಬರೆದುಕೊಟ್ಟ ಪ್ರಮಾಣಪತ್ರ ತೋರಿಸಬೇಕಿತ್ತು. ಇಲ್ಲದಿದ್ದರೆ ಗೇಟಿನೊಳಗೆ ಬಿಡುವುದಿಲ್ಲ. ವಯಸ್ಸಿನ ಮಿತಿಯಿಂದಾಗಿ ಅವಳಿಗೆ ಇದು ಮೊದಲ ಓಟವೂ ಹೌದು, ಕೊನೆಯದೂ ಹೌದು. ಪುರಸಭೆಯ ಗುಮಾಸ್ತ ನಿಶಾಂತನಿಗೆ ‘ಯಾವ ಸಹಕಾರವನ್ನೂ ಕೊಡುವುದಿಲ್ಲ’ ಎಂಬ ಮಾತು ಬಹಳ ಹಿಡಿಸಿತ್ತು. ಅದರಿಂದ ಅವನ ಮೇಜಿನ ಅರ್ಧ ಕೆಲಸ ಕಡಿಮೆಯಾಗಿತ್ತು.

‘ಠರಾವು ಐತಿ’ ಎಂದು ಸಾಬಮ್ಮನಿಗೆ ಹೇಳಿದ. ‘ಚೇರ್‌ಪರ್ಸನ್ ಮೇಡಂ ಸ್ವತಃ ಸಹಿ ಹಾಕಿಕೊಟ್ರ ನಾ ಸಿಕ್ಕಾ ಒತ್ತತೀನಿ. ಇಲ್ಲಾಂದ್ರ ಇಲ್ಲ.’

ಇದು ಇಲ್ಲ ಎನ್ನುವ ಸಭ್ಯ ರೀತಿಯಾಗಿತ್ತು. ಸಾಬಮ್ಮ ಅದನ್ನು ದಾರಿ ಎಂದು ತಿಳಿದಳು.

ಚೇರ್‌ಪರ್ಸನ್ ಮೇಡಂ ಅಡಿಗೆಮನೆಯಲ್ಲಿ ಬದನೆಕಾಯಿ ಸೀಳುತ್ತಿದ್ದಳು. ಹೊರಗೆ ಶಿವಾನಂದ ಯಾರಿಗೋ ಫೋನಿನಲ್ಲಿ ಶಾಂತಿಯ ಬಗ್ಗೆ ಜೋರಾಗಿ ಹೇಳುತ್ತಿದ್ದ. ಸಾಬಮ್ಮ ಹಿಟ್ಟು ನಾದುತ್ತ ವಿಷಯ ಹೇಳಿದಳು.

‘ನಮ್ಮ ಠರಾವು ಖರೇನ ಐತಿ, ಸಾಬವ್ವ’ ಎಂದಳು ಕಮಲಾಕ್ಷಿ. ‘ನಾಲ್ಕ್ ವರ್ಷದ ಮ್ಯಾಲ ಬಿಟ್ಟು ಬಿಡ್ತಾರ. ಆಮ್ಯಾಲ ಏನ್ ಮಾಡ್ತಾಳ?’

‘ಇಲ್ಲೇ ಇದ್ರ ನಾಲ್ಕ್ ವರ್ಷದಾಗ ಮದಿವಿ ಆಗಿ ಎರಡು ಕೂಸು ಆಗ್ತಾವ್ರಿ ಅಕ್ಕಾರ. ಅದರ ಮ್ಯಾಲ ಯಾರೂ ಠರಾವು ಮಾಡಿಲ್ಲ.’

ಕಮಲಾಕ್ಷಿ ಬದನೆಕಾಯಿಗೆ ಮಸಾಲೆ ತುಂಬಿದಳು. ‘ಅಕಿಗೆ ಸೈನ್ಯದಾಗ ಏನ್ ಆಸೆ?’

‘ಮೆಸ್ ಐತಂತ್ರಿ.’

ಕಮಲಾಕ್ಷಿ ಬದನೆಕಾಯಿ ಕೆಳಗಿಟ್ಟಳು. ಒಲೆಯ ಉರಿ ಸಣ್ಣ ಮಾಡಿದಳು.

‘ನಾಲ್ಕ್ ವರ್ಷ?’

‘ಹೂನ್ರಿ.’

‘ದಿನಾ ಬ್ಯಾರೆಯವ್ರ ಕೈ ಊಟ?’

‘ದಿನಾ ರೀ.’

‘ಕೊಡಿಲ್ಲೆ’ ಎಂದು ಕಮಲಾಕ್ಷಿ ಸೆರಗಿಗೆ ಕೈ ಒರೆಸಿಕೊಂಡು ಸಹಿ ಹಾಕಿದಳು. ದುಂಡಗಿನ ಅಕ್ಷರ, ನೇರ ಸಾಲು. ಶಾಲೆ ಬಿಟ್ಟ ಮೇಲೆ ತನ್ನ ಹೆಸರನ್ನು ತಾನೇ ಬರೆದದ್ದು ಅದೇ ಮೊದಲು ಇರಬಹುದು. ಕಾಗದದ ಅಂಚಿಗೆ ಸ್ವಲ್ಪ ಅರಿಶಿನ ಹತ್ತಿತು.

ನಿಶಾಂತ ಅದನ್ನು ನೋಡಿ ತಲೆಯಾಡಿಸಿದ. ‘ಇದಿ ಮೇಡಂ ಸಂತಕಂ ಕಾದಮ್ಮಾ’ ಎಂದ. ಇದು ಮೇಡಂ ಸಹಿ ಅಲ್ಲವಂತೆ. ಕಪಾಟಿನಿಂದ ಫೈಲು ತೆಗೆದು ಮಾದರಿ ತೋರಿಸಿದ. ಬಲಕ್ಕೆ ವಾಲಿದ ಅಕ್ಷರ, ಬಾಲ, ಎರಡು ಚುಕ್ಕೆ. ‘ಎಲ್ಲಾ ಬಿಲ್ಲಿನ ಮ್ಯಾಲೂ ಇದೇ ಐತಿ ನೋಡು. ಯಾರೋ ಖೋಟಾ ಸಹಿ ಹಾಕಿಕೊಟ್ಟಾರ ನಿನಗ. ಪೊಲೀಸ್ರಿಗೆ ಹೇಳಿಲ್ಲ ಅನ್ನೋದೇ ದೊಡ್ಡದು.’

‘ನನ್ನ ಮುಂದ ಹಾಕ್ಯಾರ್ರಿ ಸಾರ್, ಅಡಿಗಿ ಮನ್ಯಾಗ.’

‘ಮೇಡಂ ಅಡಿಗಿ ಮನ್ಯಾಗ ಸಹಿ ಹಾಕ್ತಾರೇನು? ಹೋಗು.’

ಸಾಬಮ್ಮ ವಾಪಸು ಬಂದು ಹೇಳಿದಳು. ಕಮಲಾಕ್ಷಿ ಕೇಳಿಸಿಕೊಂಡಳು.

‘ನಂದಲ್ಲಂತ?’

‘ಅಲ್ಲಂತ್ರಿ.’

‘ಮತ್ತ ನಾ ಯಾರಂತ?’

‘ಅದನ್ನ ಕೇಳ್ಲಿಲ್ರಿ ಅಕ್ಕಾರ.’

ಕಮಲಾಕ್ಷಿ ಹೊರಗೆ ಹೋಗಿ ಶಿವಾನಂದನ ಮೇಜಿನಿಂದ ಹಳೆಯ ಆಮಂತ್ರಣ ಪತ್ರಿಕೆಯೊಂದನ್ನು ತಂದಳು. ಅದರ ಕೆಳಗೆ ಅವಳ ಹೆಸರು ಗಂಡನ ಕೈಬರಹದಲ್ಲಿ ಅಚ್ಚಾಗಿತ್ತು. ಅದನ್ನು ಡಬ್ಬಿಗಳ ಸಾಲಿಗೆ ಒರಗಿಸಿ ಇಟ್ಟು, ಸಾಬಮ್ಮನ ಮುಂದಿದ್ದ ಪರಾತವನ್ನು ತನ್ನ ಕಡೆ ಎಳೆದುಕೊಂಡಳು. ಪರಾತದ ತುಂಬ ರೊಟ್ಟಿ ಬಡಿಯಲು ಹರಡಿದ ಜೋಳದ ಹಿಟ್ಟು. ಅದರ ಮೇಲೆ ಬೆರಳಿನಿಂದ ತನ್ನ ಹೆಸರನ್ನು ಗಂಡನ ಹಾಗೆ ಬರೆದಳು.

‘ಬಾಲ ಉದ್ದ ಆತ್ರಿ’ ಎಂದಳು ಸಾಬಮ್ಮ. ಓದಲು ಬಾರದವಳಿಗೂ ಬಾಲ ಕಾಣುತ್ತದೆ.

ಸಾಬಮ್ಮ ಅದೇ ಹಿಟ್ಟಿನ ಮೇಲೆ ಉಂಡೆ ಇಟ್ಟು ರೊಟ್ಟಿ ಬಡಿದಳು, ಸಹಿ ಅಳಿಯಿತು. ಮತ್ತೆ ಹಿಟ್ಟು ಹರಡಿದಳು, ಕಮಲಾಕ್ಷಿ ಮತ್ತೆ ಬರೆದಳು. ಒಂದು ಸಹಿ, ಒಂದು ರೊಟ್ಟಿ. ಬುಟ್ಟಿ ತುಂಬುವ ಹೊತ್ತಿಗೆ ಬಾಲವೂ ಸರಿಯಾಯಿತು, ಚುಕ್ಕೆಗಳೂ ಕೂತವು. ಮಧ್ಯಾಹ್ನ ಶಿವಾನಂದ ಬದನೆಕಾಯಿ ಎಣ್ಣೆಗಾಯಿಯ ಜೊತೆ ಆ ರೊಟ್ಟಿಗಳನ್ನು ತಿಂದು, ಇವತ್ತು ಮೆತ್ತಗಾಗ್ಯಾವ ಎಂದ.

ಆಮೇಲೆ ಕಮಲಾಕ್ಷಿ ಇನ್ನೊಂದು ಕಾಗದದ ಮೇಲೆ ಹಾಕಿಕೊಟ್ಟ ಹೊಸ ಸಹಿಯನ್ನು ನಿಶಾಂತ ಮಾದರಿಯ ಪಕ್ಕ ಹಿಡಿದು ನೋಡಿದ. ‘ಇದು ಅಸಲಿ’ ಎಂದು ಸಿಕ್ಕಾ ಒತ್ತಿದ.

ನಿಶಾಂತ ನಿಷ್ಪಕ್ಷಪಾತಿ. ಒಂದು ಬಣದ ಸುದ್ದಿಯನ್ನು ಇನ್ನೊಂದು ಬಣಕ್ಕೆ ತಪ್ಪದೆ ಮುಟ್ಟಿಸುತ್ತಿದ್ದ. ಓಟಕ್ಕೆ ಇನ್ನು ಸ್ವಲ್ಪವೇ ದಿನ ಇರುವಾಗ ಸಭೆ ಸೇರಿತು. ಸಾಬಮ್ಮ ಚಹಾದ ತಟ್ಟೆ ಹಿಡಿದು ಒಳಗೆ ಬಂದಾಗ ಕಲ್ಲೇಶ ಎದ್ದು ನಿಂತು ಪ್ರಮಾಣಪತ್ರದ ನಕಲನ್ನು ಗಾಳಿಯಲ್ಲಿ ಆಡಿಸುತ್ತಿದ್ದ.

‘ಸಭೆಯಲ್ಲಿ ಸೈನ್ಯ ಬೇಡ ಎನ್ನುತ್ತೀರಿ, ಹಿಂದಿನ ಬಾಗಿಲಿನಿಂದ ಸಹಿ ಹಾಕಿ ಕಳಿಸುತ್ತೀರಿ. ಈ ಪುರಸಭೆ ಯಾವ ಕಡೆ?’ ಎಂದು ತೆಲುಗಿನಲ್ಲಿ ಕೇಳಿದ. ಅವನ ಕಡೆಯವರು ಮೇಜು ಕುಟ್ಟಿದರು.

ಶಿವಾನಂದ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದ. ‘ಅಂಥ ಸಹಿ ಹಾಕಿಲ್ಲ. ಇದು ಖೋಟಾ. ಈಗಲೇ ರದ್ದು ಮಾಡಿಸುತ್ತೇನೆ.’

ಪ್ರಮಾಣಪತ್ರ ರದ್ದಾದರೆ ಸುವರ್ಣಾಳಿಗೆ ಡ್ರಮ್ಮು, ಡಬ್ಬಿ, ಬಟ್ಟೆ, ಆಮೇಲೆ ಬೂದೆಪ್ಪ ಈಗಾಗಲೇ ಮಾತಾಡಿಟ್ಟಿದ್ದ ಒಂದು ಗಂಡು.

‘ಖೋಟಾ ಆದರೆ ಪರೀಕ್ಷೆಗೆ ಕಳಿಸೋಣ’ ಎಂದ ಕಲ್ಲೇಶ. ‘ಇದನ್ನೂ ಕಳಿಸೋಣ, ಫೈಲಿನಲ್ಲಿರುವ ಮೇಡಂ ಸಹಿಗಳನ್ನೂ ಕಳಿಸೋಣ. ರಸ್ತೆ ಬಿಲ್ಲು, ಮೋರಿ ಬಿಲ್ಲು, ಎಲ್ಲಾ.’

ಶಿವಾನಂದ ನಕಲನ್ನು ತರಿಸಿಕೊಂಡು ನೋಡಿದ. ಬಾಲ ಇತ್ತು, ಬಾಲದ ಕೆಳಗೆ ಎರಡು ಚುಕ್ಕೆ. ಇದು ಅವಳ ಸಹಿಯಲ್ಲ ಎಂದರೆ ಫೈಲಿನಲ್ಲಿದ್ದ ಯಾವುದೂ ಅವಳ ಸಹಿಯಲ್ಲ. ಅವನು ಕೂತುಕೊಂಡ. ತಾನೇ ಯಾವಾಗಲೋ ಹಾಕಿ ಮರೆತೆನೋ ಎಂಬ ಅನುಮಾನವೂ ಅವನ ಮುಖದ ಮೇಲೆ ಸ್ವಲ್ಪ ಹೊತ್ತು ಕಂಡಿತು.

ಆಗ ಎತ್ತರದ ಕುರ್ಚಿಯಿಂದ ದನಿ ಬಂತು. ಅಲ್ಲಿಂದ ದನಿ ಬರುತ್ತದೆಂದು ಯಾರಿಗೂ ಗೊತ್ತಿಲ್ಲದ್ದರಿಂದ ಎಲ್ಲರೂ ಮೊದಲು ಬಾಗಿಲ ಕಡೆ ನೋಡಿದರು.

‘ನಾದೇ’ ಎಂದಳು ಕಮಲಾಕ್ಷಿ. ನನ್ನದೇ.

ಚಹಾ ತೆಗೆದುಕೊಂಡಳು. ಸಭೆಯಲ್ಲಿ ಅವಳಿಗೆ ಬೇರೆಯವರು ಚಹಾ ಕೊಡುತ್ತಿದ್ದರು. ಆ ಕುರ್ಚಿಯ ಒಂದೇ ಅನುಕೂಲ ಅದು.

ಶಿವಾನಂದ ಬೇಗ ಚೇತರಿಸಿಕೊಂಡ. ನಿಲುವು ನಿಲುವೇ, ಆದರೆ ಬಡ ಹೆಣ್ಣುಮಗಳ ವಿಷಯದಲ್ಲಿ ಚೇರ್‌ಪರ್ಸನ್ ಅವರದು ತಾಯಿಯ ಹೃದಯ ಎಂದ. ಕಲ್ಲೇಶನ ಕಡೆಯವರು ಸೈನ್ಯಕ್ಕೆ ಹೋಗುವ ಹುಡುಗಿಯನ್ನು ವಿರೋಧಿಸುವಂತಿರಲಿಲ್ಲ, ಅವರೂ ಚಪ್ಪಾಳೆ ತಟ್ಟಿದರು. ವಾರದೊಳಗೆ ಸುವರ್ಣಾಳ ಫೋಟೊ ಎರಡು ಫ್ಲೆಕ್ಸುಗಳಲ್ಲಿ ಬಂತು. ಒಂದರಲ್ಲಿ ವೀರಪುತ್ರಿ, ಇನ್ನೊಂದರಲ್ಲಿ ಚೇರ್‌ಪರ್ಸನ್ ಅವರ ಮಾನವೀಯತೆ. ಎರಡಕ್ಕೂ ಹಾರ ಹಾಕಿದರು. ಕೆಳಗೆ ಉದುರಿದ ಎಸಳು ಶಂಕ್ರಮ್ಮನ ಬೀಟಿಗೆ ಬರುತ್ತಿತ್ತು.

ಸಭೆಯ ದಿನ ಸಂಜೆ ಸಾಬಮ್ಮ ಪಾತ್ರೆ ತಿಕ್ಕುತ್ತಿದ್ದಾಗ ಶಿವಾನಂದ ಅಡಿಗೆಮನೆಯ ಬಾಗಿಲಿಗೆ ಬಂದ. ಒಳಗೆ ಬರುವ ರೂಢಿ ಇರಲಿಲ್ಲ.

‘ಯಾವಾಗ ಕಲ್ತಿ?’

‘ನಿಮ್ದು ನೋಡೇ ಕಲ್ತೆ’ ಎಂದಳು ಕಮಲಾಕ್ಷಿ, ಒಗ್ಗರಣೆಯಿಂದ ಮುಖ ತಿರುಗಿಸದೆ.

‘ಇನ್ನ ಮ್ಯಾಲ ಕೇಳಿ ಹಾಕು.’

‘ನೀವೂ ಕೇಳಿ ಹಾಕ್ರಿ.’

ಶಿವಾನಂದ ಚಹಾ ಆತೇನು ಎಂದು ಕೇಳಿ ಹೊರಗೆ ಹೋದ.

ಸುವರ್ಣಾ ಓಡಿದಳು. ಹೇಳಿದ ನಿಮಿಷಗಳೊಳಗೆ ಮುಗಿಸಿದಳು. ಕೊನೆಯ ಸುತ್ತಿನಲ್ಲಿ ಕಸಬರಿಗೆಯ ಶಬ್ದ ಇಲ್ಲದೆ ಒಂಥರಾ ಆತು ಎಂದು ಆಮೇಲೆ ಹೇಳಿದಳು. ತರಬೇತಿಗೆ ಹೋಗುವ ದಿನ ಬೂದೆಪ್ಪ ಬಸ್ ಸ್ಟಾಪಿನವರೆಗೆ ಬ್ಯಾಗು ಹೊತ್ತ. ಶಾಂತಿಯ ಮಾತು ತೆಗೆಯಲಿಲ್ಲ. ಮಧ್ಯಾಹ್ನ ಏನು ತಿನ್ನುವುದು ಎಂದು ಮಾತ್ರ ಸಾಬಮ್ಮನನ್ನು ಕೇಳಿದ.

ಸುವರ್ಣಾ ಹೋದಳು, ಅವಳು ಮಾಡುತ್ತಿದ್ದ ಕೆಲಸ ಹೋಗಲಿಲ್ಲ. ಮೊದಲ ಕೆಲವು ದಿನ ಅದು ಮನೆಯಲ್ಲಿ ಹಾಗೇ ಬಿದ್ದಿತ್ತು, ಅಪ್ಪ ಮಗ ಇಬ್ಬರೂ ಸಾಬಮ್ಮನ ಕಡೆ ನೋಡಿದರು. ಸಾಬಮ್ಮ ಬೆನ್ನಿಗೆ ಬಿಸಿನೀರಿನ ಶಾಖ ಕೊಟ್ಟುಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು. ಒಂದು ದಿನ ನಲ್ಲಿ ಬಂದು ಹೋಯಿತು, ಡ್ರಮ್ಮು ಖಾಲಿ ಉಳಿಯಿತು. ಮುಂದಿನ ಸಲ ಸಾಯಿಕುಮಾರ ಎದ್ದ. ಬೂದೆಪ್ಪ ಅನ್ನ ಮಾಡಲು ಕಲಿತ. ರೊಟ್ಟಿ ಬೇಕಾದಾಗ ಹಾದಿಯಲ್ಲಿ ಮಾರುವವಳ ಹತ್ತಿರ ತರುತ್ತಾನೆ, ಮನೆಯ ಹಾಗಿಲ್ಲ ಎನ್ನುತ್ತಾನೆ. ಇಲ್ಲ ಎಂದು ಸಾಬಮ್ಮನೂ ಒಪ್ಪುತ್ತಾಳೆ.

ಒಂದು ನಸುಕಿನಲ್ಲಿ ಮೈದಾನದ ದೀಪ ಹೊತ್ತಿತ್ತು. ಪುರಸಭೆ ಯಾವ ಠರಾವನ್ನೂ ಬದಲಿಸಿರಲಿಲ್ಲ. ಕತ್ತಲಲ್ಲಿ ಹೆಣ್ಣುಮಕ್ಕಳಿಗೆ ನಡೆಯಲು ಭಯವಾಗುತ್ತದೆ, ದೀಪ ಹಾಕಿ ಎಂದು ಆದೇಶ ಬಂದಿದೆ ಎಂದ ನಿಶಾಂತ. ಅದರ ಕೆಳಗಿನ ಮೇಡಂ ಸಹಿ ಅಸಲಿಯೇ. ಓಡುವ ಹುಡುಗರು ಹೆದ್ದಾರಿ ಬಿಟ್ಟು ವಾಪಸು ಬಂದರು. ಅವರ ಹಿಂದೆ ಸಾಬಮ್ಮ ಅರಿಯದ ಇಬ್ಬರು ಹುಡುಗಿಯರು ದುಪಟ್ಟಾ ಸೊಂಟಕ್ಕೆ ಬಿಗಿದು ನಡೆಯುತ್ತಿದ್ದರು, ಓಡಬೇಕೋ ಬೇಡವೋ ಎಂಬಂತೆ.

ಸುವರ್ಣಾ ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. ಕಾಲು ನೋವು, ಬೂಟು ಕಚ್ಚುತ್ತದೆ, ಮಾತಿಗೆ ಮೊದಲು ಬೈಗುಳ, ಎಲ್ಲವನ್ನೂ ಹೇಳುತ್ತಾಳೆ. ಗಡಿಯ ಸುದ್ದಿ ಟಿವಿಯಲ್ಲಿ ಬಂದ ವಾರ ಸಾಬಮ್ಮ ಫೋನು ಕೈಯಲ್ಲೇ ಹಿಡಿದು ರಸ್ತೆ ಗುಡಿಸಿದಳು. ಹಾಗೆ ಹಿಡಿದರೆ ಕಸಬರಿಗೆ ಹಿಡಿಯಲು ಒಂದೇ ಕೈ ಉಳಿಯುತ್ತದೆ, ಕೆಲಸ ಎರಡರಷ್ಟು ಹೊತ್ತು ಹಿಡಿಯುತ್ತದೆ. ಕೊನೆಗೆ ಅದು ರಿಂಗಾಯಿತು.

‘ಉಂಡೇನವ್ವಾ?’ ಎಂದಳು ಸಾಬಮ್ಮ.

‘ಉಂಡೆ.’

‘ಏನ್ ಮಾಡಿದ್ರು?’

‘ಚಪಾತಿ, ಬ್ಯಾಳಿ. ಬ್ಯಾಳ್ಯಾಗ ಉಪ್ಪು ಕಡಿಮಿ ಇತ್ತು.’

‘ಹೇಳಿದೇನು?’

‘ಇಲ್ಲ’ ಎಂದಳು ಸುವರ್ಣಾ. ‘ಮಾಡಿದವ್ರಿಗೆ ಬ್ಯಾಸರ ಆಗ್ತೈತಿ. ಸುಮ್ನ ತಿಂದೆ.’